ಕೊಳೆತ ತತ್ತಿಯ ವಾಸನೆ ಮತ್ತು ನನ್ನ ಮದುವೆ

ಕೊಟ್ಟ ಪುಡಿಯಲ್ಲಿ ತಾಮ್ರವಿದೆಯೋ ಸೀಸವಿದೆಯೋ ಪತ್ತೆ ಹಚ್ಚುವುದನ್ನು ಹುಡುಗರಿಗೆ ಕಲಿಸುವುದು ನನ್ನ ಕೆಲಸವಾಗಿತ್ತು. ಅರವತ್ತರ ದಶಕದ ಆರಂಭ. ಕೊಲ್ಹಾಪುರದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಡೆಮಾನ್‌ಸ್ಟ್ರೇಟರ್. ಒಳಗೆ ನಾನು ಪುಡಿಗಳ ಪರೀಕ್ಷೆ ಮಾಡುತ್ತಿದ್ದೆ. ಹೊರಗೆ ಜನ ನನ್ನ ಪರೀಕ್ಷೆ ಮಾಡುತ್ತಿದ್ದರು. ಹೊರಗಿನ ಪರೀಕ್ಷೆಯಲ್ಲಿ ನಾನು ಪ್ರತಿ ಸಲವೂ ಫೇಲು.

ಹಳದಿ ಉರಿ

ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ಒಂದು ಚೂರು ತಗುಲಿದರೂ ಸಾಕು, ಬರ್ನರಿನ ಉರಿ ಹಳದಿಯಾಗುತ್ತದೆ. ಒಂದು ಮಧ್ಯಾಹ್ನ ಇಡೀ ಬ್ಯಾಚಿಗೆ ಸೋಡಿಯಂ ಸಿಕ್ಕಿತು. ನಾನು ಯಾರಿಗೂ ಸೋಡಿಯಂ ಕೊಟ್ಟೇ ಇರಲಿಲ್ಲ! ವಿಚಾರಿಸಿದರೆ ಹಲಕರ್ಣಿಯ ವಿದ್ಯಾರ್ಥಿಯೊಬ್ಬ ಕಿಸೆ ತುಂಬ ಭಡಂಗ ತಂದು ಎಲ್ಲರಿಗೂ ಹಂಚಿದ್ದ. ಆ ಚುರುಮುರಿಯ ಉಪ್ಪು ಎಲ್ಲರ ಬೆರಳಿಗೂ ಅಂಟಿತ್ತು.

“ಮೊದಲ ಕೈ ತೊಳಕೊಂಡ ಬರ್ರಿ!” ಎಂದು ಗದರಿಸಿದೆ. ಪುಡಿ ಅದ್ದಿ ಉರಿಗೆ ಹಿಡಿಯುವ ತಂತಿಯನ್ನು ನಾನೇ ಆಸಿಡ್ಡಿನಲ್ಲಿ ತೊಳೆದು, “ಹಿಂಗ ಮಾಡಬೇಕು, ನೋಡ್ರಿ” ಎಂದು ಉರಿಗೆ ಹಿಡಿದೆ. ಮತ್ತೆ ಹಳದಿ.

“ಸರ, ರುಚಿ ನೋಡ್ತೇನಿ ಅಂತ ಒಂದ ಮುಟಗಿ ನೀವೂ ತಿಂದ್ರೆಲ್ರೀ,” ಎಂದ ಹಲಕರ್ಣಿಯವ.

ಪೇರಲ ಗಿಡ

ತಾಮ್ರ, ಸೀಸ ಹಿಡಿಯಬೇಕಾದರೆ ದ್ರಾವಣದೊಳಗೆ ಒಂದು ಗ್ಯಾಸು ಬಿಡಬೇಕು. ಅದಕ್ಕೆ ಥೇಟ್ ಕೊಳೆತ ತತ್ತಿಯ ವಾಸನೆ. ಬಟ್ಟೆಗೆ ಹಿಡಿಯಿತೆಂದರೆ ಬೇಗ ಬಿಡುವುದಿಲ್ಲ. ಮನೆ ಮನೆಯಲ್ಲೂ ಮಟನ್ ರಸ್ಸಾ ಕುದಿಯುವ ಕೊಲ್ಹಾಪುರದಲ್ಲಿ ನಾನು ಹುಡುಕಿ ಹುಡುಕಿ ಶುದ್ಧ ಶಾಕಾಹಾರಿ ಅಜ್ಜಿಯ ಮನೆಯಲ್ಲಿ ಕೋಣೆ ಹಿಡಿದಿದ್ದೆ.

“ಕಾಯ್ ಹೋ ಮಾಸ್ತರ, ಕೋಣ್ಯಾಗ ತತ್ತಿ ಕುದಸ್ತೀರೇನ?” ಎಂದು ಒಂದು ಸಂಜೆ ಅಜ್ಜಿ ಬಾಗಿಲಿಗೇ ಅಡ್ಡ ನಿಂತರು.

“ಇಲ್ರೀ ಆಜಿ, ಕಾಲೇಜಿನ್ಯಾಗ ಒಂದ ಗ್ಯಾಸ್ ಮಾಡ್ತೇವಿ. ಅದರ ವಾಸನಿ ಅದು.”

ಅಜ್ಜಿ ಸ್ಟೋವು ನೋಡಿದರು, ಪಾತೆಲಿ ಮೂಸಿದರು, ಹಾಸಿಗೆ ಎತ್ತಿ ನೋಡಿದರು. ಏನೂ ಸಿಗಲಿಲ್ಲ.

“ಖರೇ, ಇಲ್ಲಿ ತಿನ್ನೂದಿಲ್ಲ. ಕಾಲೇಜಿನ್ಯಾಗ ತಿಂದ ಬರ್ತೀರಿ. ಭಾಳ ಶಾಣ್ಯಾ ಇದ್ದೀರಿ!”

ಅಂದಿನಿಂದ ಲ್ಯಾಬಿಗೆ ಹಾಕಿಕೊಂಡು ಹೋಗುತ್ತಿದ್ದ ನನ್ನ ಕೋಟಿಗೆ ಹಿತ್ತಲ ಪೇರಲ ಗಿಡವೇ ಗೂಟ. ಆ ವರ್ಷ ಒಂದು ಕಾಯಿಯನ್ನೂ ಕಳ್ಳರು ಮುಟ್ಟಲಿಲ್ಲ ಎಂದು ಅಜ್ಜಿಯೇ ಊರೆಲ್ಲ ಹೇಳಿದರು.

ಕನ್ಯೆ ನೋಡಿದ್ದು

ಇಚಲಕರಂಜಿಯಲ್ಲಿ ಮಗ್ಗ ನಡೆಸುತ್ತಿದ್ದ ನಮ್ಮಪ್ಪ ಗಡಹಿಂಗ್ಲಜದ ಒಂದು ಸಂಬಂಧ ನೋಡಿದ್ದರು. ಅಪ್ಪ, ಅವ್ವ, ನಾನು ಹೋದೆವು. ಇದ್ದುದೊಂದೇ ಕೋಟು, ಅದನ್ನೇ ಹಾಕಿಕೊಂಡೆ. ಹುಡುಗಿ ಚಹಾ ತಂದಳು. ನೋಡಿದ ಕೂಡಲೇ ನನ್ನ ಮನಸ್ಸು ಅಲ್ಲೇ ಕೂತುಬಿಟ್ಟಿತು. ಆಕೆ ಮಾತ್ರ ಮೂಗಿನ ಮೇಲಿನ ಸೆರಗು ತೆಗೆಯಲೇ ಇಲ್ಲ.

“ಎಷ್ಟ ನಾಚಿಕಿ ನೋಡವಾ ಹುಡುಗಿಗೆ!” ಎಂದು ವಾಪಸು ಬರುವಾಗ ಬಸ್ಸಿನಲ್ಲಿ ಹೊಗಳಿದೆ. ಅವ್ವ ಕಿಟಕಿಯಿಂದ ಮುಖ ಹೊರಗೆ ಹಾಕಿದ್ದಳು.

ಆಮೇಲೆ ಮಧ್ಯಸ್ಥರು ಸುದ್ದಿ ತಂದರು: “ಹುಡುಗಿ ತಾಯಿ ಒಲ್ಲೆ ಅಂತಾರ್ರಿ. ವರ ತತ್ತಿ ತಿಂತಾನಂತ. ಅವರ ಮನ್ಯಾಗ ಇಲ್ಲೀಮಟ ತತ್ತಿ ಹೊಸ್ತಿಲಾ ದಾಟಿಲ್ಲಂತ.”

ನನಗೆ ಊಟ ರುಚಿಸದಾಯಿತು. ಆ ಹುಡುಗಿ ಬಿಟ್ಟು ಬೇರೆ ಬೇಡ ಎಂದು ಅವ್ವನಿಗೆ ಹೇಳಿಯೂ ಬಿಟ್ಟೆ. ಅದು ತತ್ತಿಯಲ್ಲ, ಲ್ಯಾಬಿನ ಗ್ಯಾಸಿನ ವಾಸನೆ ಎಂದು ಮಧ್ಯಸ್ಥರ ಕೈಯಲ್ಲಿ ಹೇಳಿ ಕಳಿಸಿದೆ.

ಲ್ಯಾಬಿಗೆ ಬಂದ ಬೀಗರು

ಹುಡುಗಿಯ ತಂದೆ ನ್ಯಾಯವಂತರು. ಕೊಲ್ಹಾಪುರದ ಪೇಟೆಗೆ ಬೆಲ್ಲ ತಂದವರು, ನೋಡಿಯೇ ಬಿಡೋಣ ಎಂದು ನೇರ ಲ್ಯಾಬಿಗೆ ಬಂದರು. ಅಂದು ತಾಮ್ರದ ಪಾಳಿ, ಗ್ಯಾಸು ಭರಪೂರ. ಮೂಗಿಗೆ ರುಮಾಲು ಹಿಡಿದು ಕಡೆಯವರೆಗೂ ಕೂತರು.

“ನೀವು ಸುಳ್ಳ ಹೇಳಿಲ್ಲ ಬಿಡ್ರಿ. ಮನ್ಯಾಗ ನಾ ತಿಳಿಸಿ ಹೇಳ್ತೇನಿ,” ಎಂದು ಸಂತೋಷದಿಂದ ಹೊರಟರು.

ಮುಂದಿನ ಪೇಟೆಯ ದಿನ ಮತ್ತೆ ಬಂದರು. ಮುಖ ಸಪ್ಪಗಿತ್ತು.

“ನೀವs ಬಂದ ಹೇಳ್ರಿ. ನಾನೂ ಕೊಲ್ಹಾಪುರಕ್ಕ ಬಂದು ತತ್ತಿ ತಿಂದ ಹೋಗೇನಂತ! ನಮ್ಮಾಕಿ ಅಡಗಿಮನಿಗೆ ಬಿಟ್ಟಕೊಳ್ಳವಲ್ಲಳು. ಕಟ್ಟಿ ಮ್ಯಾಲ ಕೂತು ಉಣ್ಣಾಕತ್ತೇನಿ.”

ಕೋಟು ಬಿಟ್ಟು, ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಅವರ ಜೊತೆ ಗಡಹಿಂಗ್ಲಜಕ್ಕೆ ಹೋದೆ. ತಾಮ್ರ, ಸೀಸ, ಗ್ಯಾಸು ಎಲ್ಲ ಬಿಡಿಸಿ ಹೇಳಿದೆ. ಆ ತಾಯಿ ಜಗ್ಗಲಿಲ್ಲ.

“ಅವರಿಗೆ ನೀವು ಸಾಕ್ಷಿ, ನಿಮಗ ಅವರು ಸಾಕ್ಷಿ! ನನಗ ಹೇಳಾಕ ಬರಬ್ಯಾಡ್ರಿ. ತತ್ತಿ ವಾಸನಿ ನನಗ ಗೊತ್ತಿಲ್ಲೇನು? ಬಾಗಲದಾಗಿಂದನs ಹಿಡೀತೇನಿ!”

ನಾನೂ ಬೀಗರೂ ತಲೆ ತಗ್ಗಿಸಿದೆವು. ಇಲ್ಲಿಗೆ ಮುಗಿಯಿತು ಎಂದುಕೊಂಡು ಚಪ್ಪಲಿ ಹುಡುಕತೊಡಗಿದೆ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಹುಡುಗಿಯ ಮೆಲ್ಲನೆಯ ದನಿ ಬಂತು. ಆಕೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಯವ್ವಾ, ನಮ್ಮ ಮನಿಗೆ ತತ್ತಿ ಬಂದs ಇಲ್ಲಲ್ಲ. ಅದರ ವಾಸನಿ ನಿನಗ ಹೆಂಗ ಗೊತ್ತಾತು?”

ಬೀಗರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು.

ಆ ತಾಯಿ ಸೆರಗು ಸರಿಮಾಡಿಕೊಂಡು, “ನನ್ನೇನ ನೋಡ್ತೀರಿ? ಹುಡುಗ ಛಲೋ ಇದ್ದಾನ. ಲಗೂನ ಸಕ್ರಿ ತರ್ರಿ, ಸಂಬಂಧ ಗಟ್ಟಿ ಮಾಡೂಣು!” ಎಂದರು.