ಅಜ್ಜನ ರಿವಾಲ್ವರಿಗೆ ಒಂದು ಗುಂಡು ಬೇಕಾಗಿತ್ತು

ಕೆಲವರ ಮನೆಗೆ ಬೀಗರು ಬರುತ್ತಾರೆ, ಕೆಲವರ ಮನೆಗೆ ಪಕ್ಕದ ಮನೆಯ ಬೆಕ್ಕು ಬರುತ್ತದೆ. ನಮ್ಮ ಮನೆಗೆ ವರ್ಷಕ್ಕೊಮ್ಮೆಯಾದರೂ ಅಜ್ಜನ ರಿವಾಲ್ವರಿನ ನೆಪದಲ್ಲಿ ಒಂದು ಅವಮಾನ ತಪ್ಪದೆ ಬರುತ್ತದೆ. ನಾನು ಕರೆಯುವುದಿಲ್ಲ, ಅದಾಗಿಯೇ ಬರುತ್ತದೆ.

ನನ್ನದು ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯಲ್ಲಿ ಕಾಳುಕಡಿಯ ದಲಾಲಿ ಅಂಗಡಿ, ಮನೆ ದೇಶಪಾಂಡೆ ನಗರದಲ್ಲಿ. ಅಜ್ಜ ಹತ್ತಿ ವ್ಯಾಪಾರಿ. ರೊಕ್ಕದ ಚೀಲ ಹಿಡಿದು ಊರೂರು ತಿರುಗುವಾಗ ಸೊಂಟದಲ್ಲಿರಲಿ ಎಂದು ಬ್ರಿಟಿಷರ ಕಾಲದಲ್ಲಿ ಈ ರಿವಾಲ್ವರ್ ತೆಗೆದುಕೊಂಡಿದ್ದ. ಅದನ್ನು ಮಾಡಿದ ಕಾರ್ಖಾನೆ ಮುಚ್ಚಿತು, ಅದಕ್ಕೆ ಪರವಾನಗಿ ಕೊಟ್ಟ ಸರ್ಕಾರ ಗಂಟುಮೂಟೆ ಕಟ್ಟಿಕೊಂಡು ಹೋಯಿತು. ರಿವಾಲ್ವರ್ ಮಾತ್ರ ಅಪ್ಪನಿಗೆ ಬಂತು, ಅಪ್ಪನಿಂದ ನನಗೆ ಬಂತು. ಅವ್ವ ಅದನ್ನು ಈಗಲೂ ‘ಮಾವನೋರು’ ಎಂದೇ ಕರೆಯುತ್ತಾಳೆ.

ಈ ಸಲ ಲೈಸೆನ್ಸ್ ಮುಂದುವರಿಸಲು ಹೋದಾಗ ಹೊಸದಾಗಿ ಬಂದ ಪೊಲೀಸ್ ಸಾಹೇಬರು ಅದನ್ನು ಬದನೆಕಾಯಿ ನೋಡಿದ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದು ಹಾರತೈತೇನ್ರಿ?”

“ಹಾರಬೇಕ್ರಿ.”

“ಹಾರಬೇಕು ಅಂದ್ರ ಆಗೂದಿಲ್ರಿ. ಯುಗಾದಿ ಒಳಗ ನಮ್ಮ ಮುಂದ ಒಂದು ಗುಂಡು ಹಾರಿಸಿ ತೋರಸ್ರಿ. ಇಲ್ಲಾಂದ್ರ ಜಮಾ ಮಾಡ್ಕೊಂಡು ಕರಗಿಸಾಕ ಕಳಸ್ತೇನಿ.”

ಕರಗಿಸುವುದಂತೆ! ಮೂರು ತಲೆಮಾರು ಕಂಡ ವಸ್ತುವನ್ನು ಮುರುಕು ಪಾತ್ರೆಯ ಹಾಗೆ ಕರಗಿಸುವುದಂತೆ! ನನಗೆ ಮೈಯೆಲ್ಲ ಉರಿಯಿತು. ಒಂದೇ ಒಂದು ಗುಂಡು ತಾನೆ, ತಂದು ಇವರ ಮುಂದೆಯೇ ಹಾರಿಸುತ್ತೇನೆ ಎಂದು ಶಪಥ ಮಾಡಿ ಎದ್ದು ಬಂದೆ.

೧. ಸ್ವಲ್ಪ ಲೂಸ್

ಹುಬ್ಬಳ್ಳಿಯ ಬಂದೂಕಿನ ಅಂಗಡಿಯವನು ನನ್ನನ್ನು ಕೂರಿಸಿ ಚಹಾ ತರಿಸಿದ. ಈಗಿನ ಕಾರ್ಖಾನೆಯ ಹೊಚ್ಚಹೊಸ ಗುಂಡಿನ ಡಬ್ಬಿಯನ್ನು ನನ್ನ ಮುಂದಿಟ್ಟ.

“ಏಕ್‌ದಂ ಫಸ್ಟ್ ಕ್ಲಾಸ್ ಮಾಲರೀ ಸಾವಕಾರ್ರ. ಎಲ್ಲಾರೂ ಇದನ್ನ ಒಯ್ತಾರ.”

ಒಂದು ಗುಂಡು ತೆಗೆದು ರಿವಾಲ್ವರಿನ ತಿರುಗುವ ಗಾಲಿಯ ತೂತಿನಲ್ಲಿ ಹಾಕಿದ. ಅದು ಹಿಂದಿನಿಂದ ಹೋಗಿ ಮುಂದಿನಿಂದ ಬಂದು, ಟೇಬಲ್ಲಿನ ಮೇಲೆ ಬಿದ್ದು, ಉರುಳಿ ನನ್ನ ಚಹಾದ ಬಸಿಗೆ ಬಡಿದು ನಿಂತಿತು. ನಾನು ಅವನ ಮುಖ ನೋಡಿದೆ. ಅವನಿಗೆ ನಾಚಿಕೆ ಎಂಬುದು ಇದ್ದರೆ ತಾನೆ?

“ಸ್ವಲ್ಪ ಲೂಸ್ ಆತು, ಅಷ್ಟ,” ಎಂದ.

“ಸ್ವಲ್ಪ? ಈ ಕಡಿಂದ ಆ ಕಡಿಗೆ ದಾರಿ ಮಾಡ್ಕೊಂಡು ಹೊಂಟೈತಿ! ಇದೇನು ಚಪ್ಪಲಿ ಅಂಗಡಿ ಅಂತ ತಿಳದೀರೇನು? ನಮ್ಮ ಅಳತೀದು ಕೊಡ್ರಿ.”

“ಆ ಅಳತೀದು ಈಗ ಯಾರೂ ಮಾಡೂದಿಲ್ರಿ.” ಆಮೇಲೆ ನನ್ನ ರಿವಾಲ್ವರನ್ನೇ ತಪ್ಪಿತಸ್ಥನ ಹಾಗೆ ನೋಡಿ ಹೇಳಿದ: “ಗುಂಡಿಂದು ಏನೂ ತಪ್ಪಿಲ್ರಿ ಸಾವಕಾರ್ರ. ನಿಮ್ಮ ತೂತ ದೊಡ್ಡು ಅದಾವು.”

೨. ಖಾಲಿ ಕೊಡ್ರಿ

ಹೊರದೇಶದಿಂದ ತರಿಸಿ ಕೊಡುತ್ತೇನೆ, ಆದರೆ ಹೊಸ ಗುಂಡು ಬೇಕಾದರೆ ಮೊದಲು ಹಾರಿಸಿದ ಗುಂಡುಗಳ ಖಾಲಿ ಚಿಪ್ಪು ಮರಳಿಸಬೇಕು ಎಂದ ಅಂಗಡಿಯವನು. ಕಾಯಿದೆ ಹಾಗಿದೆಯಂತೆ.

“ನಮ್ಮಲ್ಲಿ ಖಾಲಿ ಇಲ್ಲ. ಅಜ್ಜ ಒಂದೂ ಹಾರಿಸಿಲ್ಲ.”

“ಅಪ್ಪಾರು?”

“ಅವರೂ ಹಾರಿಸಿಲ್ಲ.”

“ನೀವು?”

“ನಾನೂ ಇಲ್ಲ.”

ಅಂಗಡಿಯವನು ಬಹಳ ಹೊತ್ತು ಯೋಚನೆ ಮಾಡಿದ. ಕಾಯಿದೆಯಲ್ಲಿ ಏನಾದರೂ ದಾರಿ ಹುಡುಕುತ್ತಿದ್ದಾನೆ ಎಂದು ನಾನು ಆಸೆಯಿಂದ ಕಾದು ಕುಳಿತೆ.

“ಹಂಗಾದ್ರ,” ಎಂದ, “ಗುಂಡರ ಯಾಕ ಬೇಕ್ರಿ ನಿಮಗ?”

೩. ಹೊಸಾ ಹಳೇ ರಿವಾಲ್ವರ್

ಜಗಳ ಮಾಡಿ, ಅರ್ಜಿ ಹಾಕಿ, ಯಾರು ಯಾರ ಕೈಕಾಲೋ ಹಿಡಿದು, ಅಂತೂ ಹೊರದೇಶದ ಡಬ್ಬಿಯೊಂದು ಬಂತು. ಡಬ್ಬಿಯ ಮೇಲೆ ನಮ್ಮ ರಿವಾಲ್ವರಿನ ಹೆಸರು, ನಮ್ಮದೇ ಅಳತೆ. ನನಗಾದ ಸಂತೋಷಕ್ಕೆ ಅಂಗಡಿಯವನಿಗೆ ಅರ್ಧ ಕಿಲೋ ಪೇಢೆ ಒಯ್ದಿದ್ದೆ. ಆ ಪೇಢೆಯ ಸಂಕಟ ಇಂದಿಗೂ ಹೋಗಿಲ್ಲ.

ಗುಂಡು ಒಳಗೆ ಹೋಯಿತು, ಈ ಕಡೆಯಿಂದ ಹೋದದ್ದು ಆ ಕಡೆ ಬೀಳಲೂ ಇಲ್ಲ. ಆದರೆ ಅದರ ತಳದ ಅಂಚು ಬೇಕಾದ್ದಕ್ಕಿಂತ ಒಂದು ಕೂದಲೆಳೆ ದಪ್ಪ. ರಿವಾಲ್ವರ್ ಮುಚ್ಚಲೊಲ್ಲದು, ಒತ್ತಿ ಮುಚ್ಚಿದರೆ ಗಾಲಿ ತಿರುಗಲೊಲ್ಲದು. ಅಂಗಡಿಯವನು ಡಬ್ಬಿಯನ್ನು ತಿರುಗಿಸಿ, ಬೆನ್ನ ಮೇಲಿನ ಸಣ್ಣ ಅಕ್ಷರ ಓದಿ, ಮೆಲ್ಲಗೆ ಕೆಳಗಿಟ್ಟ.

“ಏನು ಬರದಾರ?” ಎಂದೆ.

“ಹಳೇ ರಿವಾಲ್ವರಿನ್ಯಾಗ ಹಾಕಬ್ಯಾಡ್ರಿ, ಅಪಾಯ ಐತಿ ಅಂತ ಬರದಾರ್ರಿ.”

ನೀವೇ ಹೇಳಿ. ಈ ಜಾತಿಯ ರಿವಾಲ್ವರ್ ಮಾಡುವುದನ್ನು ನಿಲ್ಲಿಸಿ ಎರಡು ತಲೆಮಾರು ಆಗಿವೆ. ಲೋಕದಲ್ಲಿ ಇರುವುದೆಲ್ಲ ಹಳೆಯವೇ. ಹಳೆಯದಕ್ಕೆಂದೇ ಗುಂಡು ಮಾಡಿ, ಹಳೆಯದಕ್ಕೆ ಹಾಕಬೇಡಿ ಎಂದು ಅದರ ಮೇಲೆಯೇ ಅಚ್ಚು ಹಾಕಿಸಿದರೆ ಅದನ್ನು ಯಾರು ಕೊಳ್ಳಬೇಕು? ಉಪ್ಪಿನಕಾಯಿ ಭರಣಿಯ ಮೇಲೆ ‘ಊಟದ ಜೊತೆ ತಿನ್ನಬಾರದು’ ಎಂದು ಬರೆದಂತಾಯಿತು. ನಾನು ಅಂಗಡಿ ಹಾರಿಹೋಗುವ ಹಾಗೆ ಕೂಗಾಡಿದೆ.

ಅಂಗಡಿಯವನು ಪೇಢೆ ಬಾಯಿಗೆ ಹಾಕಿಕೊಳ್ಳುತ್ತ ಸಮಾಧಾನ ಮಾಡಿದ: “ಸಿಟ್ಟಾಗಬ್ಯಾಡ್ರಿ. ಎಲ್ಲೆರ ಒಂದು ಹೊಸಾ ಹಳೇ ರಿವಾಲ್ವರ್ ಸಿಗತೈತೇನು ನೋಡೂಣ.”

೪. ಅವ್ವನ ಖಂಡೇ ಪೂಜೆ

ಉಳಿದದ್ದು, ಹಳೆಯವೆಂದು ನಾನು ಮುಟ್ಟದೆ ಬಿಟ್ಟಿದ್ದ ಅಜ್ಜನ ಕಾಲದ ಗುಂಡುಗಳೇ. ತಿಜೋರಿಯಲ್ಲಿ ಹಿತ್ತಾಳೆ ಡಬ್ಬಿಯೊಳಗೆ ಆರು ಗುಂಡು ಇದ್ದವು. ಡಬ್ಬಿ ತೆರೆದವನು ಹಾಗೇ ನಿಂತೆ. ಒಂದೊಂದರ ಮೈಗೂ ವಿಭೂತಿ, ತಳಕ್ಕೆ ಕುಂಕುಮದ ಬೊಟ್ಟು, ಮೇಲಿಂದ ಕುಸುಬಿ ಎಣ್ಣೆ.

ಮಹಾನವಮಿಯ ದಿನ ಖಂಡೇ ಪೂಜೆಗೆ ನಮ್ಮ ಮನೆಯಲ್ಲಿ ತಕ್ಕಡಿ, ಕುಡಗೋಲು, ಟ್ರ್ಯಾಕ್ಟರಿನ ಜೊತೆ ರಿವಾಲ್ವರೂ ದೇವರ ಮುಂದೆ ಕೂರುತ್ತದೆ. ಅದು ನನಗೂ ಗೊತ್ತು. ಗುಂಡುಗಳಿಗೂ ವರ್ಷಾ ವರ್ಷಾ ಎಣ್ಣೆ ಸ್ನಾನ ಆಗುತ್ತಿತ್ತು ಎಂಬುದು ಗೊತ್ತಿರಲಿಲ್ಲ. ನಮ್ಮ ಓಣಿಯ ನಿವೃತ್ತ ಸುಬೇದಾರರು ನೋಡಿ ತಲೆ ತಲೆ ಬಡಿದುಕೊಂಡರು. ಗುಂಡಿನ ತಳದಲ್ಲಿ ಕಿಡಿ ಹೊತ್ತುವ ಒಂದು ಬಿಲ್ಲೆ ಇರುತ್ತದಂತೆ, ಅದಕ್ಕೆ ಎಣ್ಣೆ ಇಳಿದರೆ ಗುಂಡು ಸತ್ತ ಹಾಗೆಯೇ ಅಂತೆ.

ನಾನು ಅವ್ವನ ಮೇಲೆ ಹರಿಹಾಯ್ದೆ. “ಗುಂಡಿಗೆ ಯಾರರ ಎಣ್ಣಿ ಹಚ್ಚತಾರೇನಬೇ?”

“ದೇವರ ಮುಂದ ಒಣಾ ಒಣಾ ಇಡಾಕ ಬರ್ತದೇನೋ?”

“ಎಲ್ಲಾ ಗುಂಡು ಸತ್ತು ಹ್ವಾದುವು!”

“ಹೋಗ್ಲಿ ಬಿಡು,” ಎಂದಳು ಅವ್ವ, ಜಪಮಣಿ ತಿರುಗಿಸುತ್ತ. “ಅವು ಸತ್ತಿದ್ದಕ್ಕ ನಾವೆಲ್ಲಾ ಬದುಕೇವಿ.”

೫. ಮಾಳಿಗೆಯ ಮೇಲೆ

ಒಂದಾದರೂ ಜೀವ ಹಿಡಿದಿರಬಹುದು, ಒರೆಸಿ ಎತ್ತಿಡು ಎಂದು ಹೆಂಡತಿಯ ಕೈಗೆ ಕೊಟ್ಟೆ. ಒರೆಸುವುದಷ್ಟೇ ನಾನು ಹೇಳಿದ್ದು. ಆಕೆ ತನ್ನ ಬುದ್ಧಿಯನ್ನೂ ಸೇರಿಸಿ, ಎಣ್ಣೆ ಪಸೆ ಆರಲಿ ಎಂದು ಮಾಳಿಗೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ, ಶಂಡಿಗೆ ಒಣಹಾಕಿದ್ದ ಸೀರೆಯ ಅಂಚಿಗೆ ಅವನ್ನೂ ಸಾಲಾಗಿ ಇಟ್ಟು ಬಂದಳು. ನಾನು ಅಂಗಡಿಯಿಂದ ಊಟಕ್ಕೆ ಬಂದವನು ವಿಷಯ ಕೇಳಿ, ಬೂಟು ಸಮೇತ ಮಾಳಿಗೆ ಹತ್ತಿದೆ.

ಪಕ್ಕದ ಮಾಳಿಗೆಯಿಂದ ನೆರೆಮನೆಯಾಕೆ ಇಣುಕುತ್ತಿದ್ದಳು.

“ವೈನಿ, ಇದ್ಯಾವ ನಮೂನಿ ಶಂಡಿಗಿರೀ? ಎಣ್ಣ್ಯಾಗ ಬಿಟ್ರ ಛಲೋ ಅರಳತಾವೇನು?”

ನನ್ನ ಹೆಂಡತಿ ಮೆಣಸಿನಕಾಯಿ ಮಗುಚುವುದನ್ನು ನಿಲ್ಲಿಸದೆ ಹೇಳಿದಳು: “ಅರಳತಾವ್ರಿ. ಆದ್ರ ತಿನ್ನಾಕ ನಾವಿರೂದಿಲ್ಲ.”

೬. ಪರೀಕ್ಷೆಯ ದಿನ

ಯುಗಾದಿ ಹತ್ತಿರ ಬಂತು. ಬೇರೆ ದಾರಿ ಇರಲಿಲ್ಲ. ಇದ್ದ ಗುಂಡುಗಳನ್ನೇ ಹಿಡಿದು, ಊರ ಹೊರಗೆ ಪೊಲೀಸರು ಗುಂಡು ಹೊಡೆದು ಕಲಿಯುವ ಮೈದಾನಕ್ಕೆ ಹೋದೆ. ಹಾರಿದರೆ ಅಜ್ಜನ ರಿವಾಲ್ವರ್ ಮನೆಗೆ, ಹಾರದಿದ್ದರೆ ಕುಲುಮೆಗೆ.

ಆಯುಧಗಳನ್ನು ಬಲ್ಲ ಪೊಲೀಸಪ್ಪ ಒಬ್ಬ ಗುಂಡುಗಳನ್ನು ಕಷ್ಟಪಟ್ಟು ಒತ್ತಿ ತುಂಬಿದ. ಸಾಹೇಬರು ಜೀಪಿನ ಹಿಂದೆ ಕಿವಿ ಮುಚ್ಚಿಕೊಂಡು ನಿಂತರು. ಪೊಲೀಸಪ್ಪ ಮರಳಿನ ಗುಡ್ಡೆಗೆ ಗುರಿಯಿಟ್ಟು ಟ್ರಿಗರ್ ಎಳೆದ.

ಟಕ್.

ಸಾಹೇಬರು ಜೀಪಿನ ಈಚೆಗೆ ಬಂದರು. ಮತ್ತೆ ಟಕ್. ಕಿವಿಯಿಂದ ಕೈ ತೆಗೆದರು. ಮತ್ತೆ ಟಕ್. ಕುರ್ಚಿ ತರಿಸಿ ಪಕ್ಕದಲ್ಲೇ ಕುಳಿತರು. ಆರೂ ಮುಗಿಯುವ ಹೊತ್ತಿಗೆ ಅವರ ಕೈಯಲ್ಲಿ ಚಹಾ ಇತ್ತು.

“ಇದು ಆಯುಧ ಅಲ್ರೀ ಸಾವಕಾರ್ರ. ತೊಟ್ಟಿಲದಾಗಿನ ಕೂಸಿಗೆ ಆಡಾಕ ಕೊಡಬಹುದು.”

ನನಗೆ ಸಿಟ್ಟು ನೆತ್ತಿಗೇರಿತು. ಅಜ್ಜನ ರಿವಾಲ್ವರನ್ನು ಕೂಸಿನ ಗಿಲಕಿ ಎಂದರೆ ಯಾವ ಮೊಮ್ಮಗ ಸುಮ್ಮನಿದ್ದಾನು? “ಹಂಗ ಅನಬ್ಯಾಡ್ರಿ ಸಾಹೇಬ್ರ! ಇದು ಬಾಳ ಅಪಾಯದ್ದು! ಇದರಿಂದ ಮಂದಿ ಸಾಯತಾರ್ರೀ, ಖರೇ ಹೇಳತೇನಿ, ನನ್ನ ನಂಬ್ರಿ!” ಎಂದು ಪೊಲೀಸರ ಮುಂದೆ ಕೈ ಮುಗಿದು ಬೇಡಿಕೊಂಡೆ. ಜೀಪಿನ ಡ್ರೈವರು ಮುಖ ಆ ಕಡೆ ತಿರುಗಿಸಿ ನಕ್ಕದ್ದು ನನಗೆ ಕಾಣಲಿಲ್ಲ ಎಂದುಕೊಂಡಿದ್ದಾನೆ.

ಸಾಹೇಬರು ಕೇಳಲಿಲ್ಲ. “ಗುಂಡು ತಗದು ಜಮಾ ಮಾಡ್ಕೊಳ್ಳಪಾ. ಕರಗಿಸಾಕ ಕಳಸೂಣು,” ಎಂದರು. ಅವ್ವನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?

ಪೊಲೀಸಪ್ಪ ತೆಗೆಯಲು ಹೋದ. ಬಡಿದ, ಎಳೆದ, ಮೊಳೆ ಹಾಕಿ ಮೀಟಲು ಹೋಗಿ ಹೆದರಿ ಬಿಟ್ಟ. ಎಣ್ಣೆ, ವಿಭೂತಿ, ಬಿಸಿಲು ಮೂರೂ ಸೇರಿ ಅಂಟಾಗಿ ಗುಂಡುಗಳನ್ನು ಒಳಗೆ ಹಿಡಿದುಬಿಟ್ಟಿದ್ದವು.

“ಸಾಹೇಬ್ರ, ಗುಂಡು ಹೊರಗ ಬರವಲ್ಲವು.”

“ಹಂಗ ಇಟ್ಕೋ.”

ಜಮಾ ಕೋಣೆಯ ಹವಾಲ್ದಾರರೂ ಅಲ್ಲೇ ಇದ್ದರು. ಅವರು ಎರಡು ಹೆಜ್ಜೆ ಹಿಂದೆ ಸರಿದರು. “ಗುಂಡು ತುಂಬಿದ್ದನ್ನ ನಾ ಒಳಗ ತಗೊಳ್ಳಂಗಿಲ್ರಿ ಸಾಹೇಬ್ರ.”

“ಅದು ಹಾರೂದಿಲ್ಲೋ ಮಾರಾಯಾ! ಈಗ ನೋಡಿಲ್ಲೇನು?”

“ನೋಡೇನ್ರಿ. ಹಾರೂದಿಲ್ಲಂತ ನೀವು ಒಂದು ಸಹಿ ಮಾಡಿಕೊಡ್ರಿ, ಈಗಿಂದೀಗ ತಗೋತೇನಿ.”

ಸಾಹೇಬರು ಪೆನ್ನು ತೆಗೆದರು. ಬರೆಯಲು ಬಗ್ಗಿದವರು ರಿವಾಲ್ವರನ್ನೊಮ್ಮೆ ನೋಡಿದರು. ಪೆನ್ನಿಗೆ ಮತ್ತೆ ಟೊಪ್ಪಿಗೆ ಹಾಕಿ, ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಅಲ್ಲಿಯವರೆಗೆ ಇಲ್ಲದ ಮರ್ಯಾದೆಯಿಂದ, “ನಿಮ್ಮ ಲೈಸೆನ್ಸ್ ಅರ್ಜಿ ಎಲ್ಲೈತ್ರಿ, ಕೊಡ್ರಿಲ್ಲೆ,” ಎಂದರು. ನಿಂತ ನಿಲುವಿನಲ್ಲೇ ಸಹಿ ಹಾಕಿ, ಶಿಕ್ಕಾ ಒತ್ತಿ, ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿಸಿ ನನ್ನ ಕೈಗೆ ಕೊಡಿಸಿದರು.

“ಲಗೂ ಮನಿಗೆ ಒಯ್ರಿ. ಇಂಥಾ ಅಪಾಯದ ವಸ್ತು ಠಾಣ್ಯಾಗ ಇಡಾಕ ಬರೂದಿಲ್ಲ. ಅಲ್ಲೆ ಪೊಲೀಸರು ಇರ್ತಾರ. ಯಾರಿಗರ ಏನರ ಆದ್ರ?”

“ಸಾಹೇಬ್ರ, ನಮ್ಮ ಮನ್ಯಾಗೂ ಮಂದಿ ಅದಾರ್ರೀ!”

“ಇರಲಿ ಬಿಡ್ರಿ,” ಎಂದರು ಸಾಹೇಬರು. “ನಿಮ್ಮ ಕಡೆ ಲೈಸೆನ್ಸ್ ಐತಲ್ಲ.”