ನಡುಮನೆಯ ನಂಬರು

ನಾನು ಕರೆಂಟ್ ಮೀಟರ್ ರೀಡರ್ ಆಗಿದ್ದವನು. ಬಳ್ಳಾರಿಯ ಅರ್ಧ ಊರಿನ ಬಾಗಿಲುಗಳ ಮುಂದೆ ನಿಂತು ‘ಮೀಟರ್’ ಎಂದು ಕೂಗಿದ್ದೇನೆ. ನಾಯಿ ಕಟ್ಟಿದ ಮನೆ, ಕಿವಿ ಕೇಳದ ಅಜ್ಜಿಯ ಮನೆ, ಮೀಟರಿನ ಮುಂದೆಯೇ ಅಕ್ಕಿ ಮೂಟೆ ಪೇರಿಸಿಟ್ಟ ಮನೆ, ಎಲ್ಲ ಕಂಡವನು. ಬಾಗಿಲು ತೆರೆಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಸಣ್ಣ ಜಂಬ ನಿವೃತ್ತಿಯಾದ ಮೇಲೂ ಉಳಿದಿತ್ತು. ಅಂಥ ನನಗೆ ಗಾಂಧಿನಗರದ ನನ್ನ ಸ್ವಂತ ಮನೆಯ ಒಂದು ಬಾಗಿಲನ್ನು ಹೊರಗಿನವರಿಗೆ ತೆರೆಯಲು ಎರಡು ತಿಂಗಳು ಹಿಡಿಯಿತು. ಮರದ ಬಾಗಿಲಲ್ಲ, ಇಂಟರ್ನೆಟ್ಟಿನದು.

ನನ್ನ ಹೆಂಡತಿ ನೀಲಮ್ಮ ತೀರಿಕೊಂಡು ವರ್ಷವಾಗುತ್ತಾ ಬಂತು. ಅವಳಿಗೆ ಫೋನಿನಲ್ಲಿ ಅಕ್ಷರ ಒತ್ತುವುದೆಂದರೆ ಆಗುತ್ತಿರಲಿಲ್ಲ. ಸಿರುಗುಪ್ಪದಲ್ಲಿರುವ ತಂಗಿ ಗಿರಿಜಾಗೆ ಏನು ಹೇಳುವುದಿದ್ದರೂ ಮಾತಾಡಿಯೇ ಕಳಿಸುತ್ತಿದ್ದಳು. ಮಿರ್ಚಿ ಹಿಟ್ಟು ಎಷ್ಟು ತೆಳ್ಳಗಿರಬೇಕು, ಯಾವ ಸೀರೆಗೆ ಯಾವ ಕುಪ್ಪಸ, ನಾನು ಆ ದಿನ ಯಾಕೆ ಮುಖ ಊದಿಸಿಕೊಂಡಿದ್ದೇನೆ, ಎಲ್ಲವೂ. ಗಿರಿಜಾಳ ಫೋನು ಒಂದು ದಿನ ಕಾಲುವೆಗೆ ಬಿದ್ದು ಅಕ್ಕನ ಮಾತುಗಳೂ ಅದರೊಂದಿಗೆ ಹೋದವು. ಆದರೆ ನೀಲಮ್ಮನ ಫೋನಿನಲ್ಲಿ ಎಲ್ಲ ಹಾಗೇ ಇದ್ದವು. ನಾನು ಕೌಲ್ ಬಜಾರಿನ ಖಾದರ್ ಭಾಯಿಯ ರಿಪೇರಿ ಅಂಗಡಿಯಿಂದ ಊಟದ ಡಬ್ಬಿಯಷ್ಟೇ ಗಾತ್ರದ ಹಳೆಯ ಕಂಪ್ಯೂಟರೊಂದನ್ನು ತಂದು, ಅವರು ತೋರಿಸಿಕೊಟ್ಟಂತೆ ಆ ಮಾತುಗಳನ್ನೆಲ್ಲ ಅದರಲ್ಲಿ ತುಂಬಿ, ಒಂದು ವೆಬ್ ಪುಟ ಮಾಡಿದೆ. ಮನೆಯೊಳಗೆ ಕುಳಿತು ಫೋನಿನ ಬ್ರೌಸರಿನಲ್ಲಿ ಅದರ ವಿಳಾಸದ ನಂಬರ್ ಒತ್ತಿದರೆ ಸಾಕು, ನೀಲಮ್ಮ ಮಾತಾಡುತ್ತಿದ್ದಳು.

“ಅಷ್ಟಕ್ಕ ಇಷ್ಟೆಲ್ಲಾ ಯಾಕ ಭಾವ? ವಾಟ್ಸಾಪಿನಾಗ ಕಳಿಸಿಬಿಡ್ರಲ್ಲ,” ಎಂದ ನೀಲಮ್ಮನ ತಮ್ಮ ಬಸವರಾಜ, ಕುರುಗೋಡಿನಿಂದ.

ಮಾತೇನೋ ಸರಿಯೇ. ಆದರೆ ಕಳಿಸಿಬಿಟ್ಟರೆ ಅವಳು ಅವರವರ ಮನೆಗೆ ಹೋದಂತಾಯಿತು. ಇಲ್ಲೇ ಇದ್ದರೆ ಅವಳ ದನಿ ಕೇಳಲು ಅವರು ಫೋನಿನ ಮೂಲಕವಾದರೂ ನಮ್ಮ ಮನೆಗೇ ಬರಬೇಕು. ಹೆಂಡತಿ ಹೋದ ಮೇಲೆ ಅವಳ ತವರಿನವರಿಗೆ ನಮ್ಮ ಮನೆಗೆ ಬರಲು ಕಾರಣಗಳು ಒಂದೊಂದಾಗಿ ಕಡಿಮೆಯಾಗುತ್ತವೆ. ನನ್ನ ಭಯ ಇದೊಂದೇ. ಇದನ್ನು ಬಸವರಾಜನಿಗೆ ಹೇಳಲಾದೀತೇ? “ಫೈಲ್ ಭಾಳ ದೊಡ್ಡವು ಅದಾವಪ್ಪ,” ಎಂದೆ.

ಗಿರಿಜಾಗೆ ಫೋನ್ ಮಾಡಿ ಪುಟದ ನಂಬರ್ ಓದಿ ಹೇಳಿದೆ. ವೃತ್ತಿಯ ಅಭ್ಯಾಸ, ಪ್ರತಿ ಅಂಕಿಯನ್ನೂ ಎರಡೆರಡು ಸಲ ಹೇಳುತ್ತೇನೆ. ಅವಳು ಒತ್ತಿದಳು, ಏನೂ ಬರಲಿಲ್ಲ. ನಾನು ಇಲ್ಲಿ ಒತ್ತಿದರೆ ಬರುತ್ತಿತ್ತು. “ಕಣ್ಣು ಸರಿ ಐತಿಲ್ಲ ನಿನಗ?” ಎಂದು ನಾಲ್ಕು ದಿನ ಅವಳನ್ನೇ ಬೈದು, ಐದನೆಯ ದಿನ ಖಾದರ್ ಭಾಯಿ ಹತ್ತಿರ ಹೋದೆ. ಅವರು ನಕ್ಕರು.

“ಮೀಟರ್ ಸಾಹೇಬ್ರ, ಅದು ಮನಿಯೊಳಗಿನ ನಂಬರ್. ‘ನಡುಮನಿಗೆ ಬಾ’ ಅಂದಂಗ ಆತು. ಎಲ್ಲರ ಮನ್ಯಾಗೂ ನಡುಮನಿ ಇರ್ತೈತಿ. ಆಕಿ ಪಾಪ ಸಿರುಗುಪ್ಪದಾಗ ತನ್ನ ನಡುಮನ್ಯಾಗ ನಿಂತು ಅಕ್ಕನ್ನ ಹುಡುಕ್ಯಾಳ.”

ಬೀದಿಗೆ ಕಾಣುವ ನಂಬರ್ ಬೇರೆ ಇರುತ್ತದಂತೆ. ಅದಲ್ಲದೆ ಮನೆಗೆಲ್ಲ ಇಂಟರ್ನೆಟ್ ಹಂಚುವ ರೌಟರ್ ಎಂಬುದು ಒಳಗಿನವರು ಹೊರಹೋದರೆ ಕೇಳುವುದಿಲ್ಲ, ಹೊರಗಿನವರು ತಾವಾಗಿ ಬಂದರೆ ಬಾಗಿಲು ತೆರೆಯುವುದಿಲ್ಲ. ನನಗೆ ಅದರ ಮೇಲೆ ಒಂದು ಬಗೆಯ ಪ್ರೀತಿ ಹುಟ್ಟಿತು, ಏಕೆಂದರೆ ಅದರ ಸ್ವಭಾವ ನನ್ನದೇ. ಬಂದವರಿಗೆಲ್ಲ ಬಾಗಿಲು ತೆರೆದು ‘ಬರ್ರಿ, ಬರ್ರಿ’ ಎನ್ನುತ್ತಿದ್ದವಳು ನೀಲಮ್ಮ. ಖಾದರ್ ಭಾಯಿ ಇಂಟರ್ನೆಟ್ ಕೊಟ್ಟವರಿಗೆ ಹತ್ತು ಸಲ ಫೋನ್ ಮಾಡಿ ಹೊರಗಿನ ನಂಬರ್ ಕೊಡಿಸಿದರು. ಆಮೇಲೆ ಮನೆಗೇ ಬಂದು ರೌಟರಿಗೆ ತಿಳಿಹೇಳಿದರು: ಈ ಬಾಗಿಲು ಬಡಿದವರನ್ನು ನೇರ ಡಬ್ಬಿಯ ಹತ್ತಿರ ಕಳಿಸು, ಉಳಿದ ಬಾಗಿಲು ಮುಚ್ಚಿರಲಿ. ಆ ಸಂಜೆ ಸಿರುಗುಪ್ಪದಲ್ಲಿ ನೀಲಮ್ಮ ಮಾತಾಡಿದಳು. ಗಿರಿಜಾ ಫೋನಿನಲ್ಲಿ ಅತ್ತಳು, ನಾನು ರೌಟರಿನ ಧೂಳು ಒರೆಸಿದೆ.

ತೊಂದರೆ ಒಂದೇ ಉಳಿದಿತ್ತು. ಕರೆಂಟ್ ಹೋಗಿ ಬಂದರೆ ಹೊರಗಿನ ನಂಬರ್ ಬದಲಾಗುತ್ತಿತ್ತು. ಕರೆಂಟ್ ಹೋಗದ ದಿನ ಕಡಿಮೆ. ಹೀಗಾಗಿ ದಿನಾ ಬೆಳಿಗ್ಗೆ ಹೊಸ ನಂಬರ್ ನೋಡಿಕೊಂಡು ಮೊದಲು ಸಿರುಗುಪ್ಪಕ್ಕೆ, ಆಮೇಲೆ ಕುರುಗೋಡಿಗೆ ಫೋನ್ ಮಾಡುವುದು ನನ್ನ ಕೆಲಸವಾಯಿತು. ನಂಬರಿನ ಹಿಂದೆಯೇ ‘ನಾಷ್ಟಾ ಆತೇನ್ರಿ’, ‘ಬಿಪಿ ಗುಳಿಗಿ ತಗೊಂಡ್ರೇನು’ ಬರುತ್ತಿದ್ದವು. ಕರೆಂಟ್ ಹೋದಾಗಲೆಲ್ಲ ಜನರಿಂದ ಮೂವತ್ತು ವರ್ಷ ಬೈಸಿಕೊಂಡವನು, ಈಗ ಕರೆಂಟ್ ಹೋದರೆ ಒಳಗೊಳಗೇ ಹಿಗ್ಗುತ್ತಿದ್ದೆ.

ಒಂದು ದಿನ ಬಸವರಾಜ ಪಿಸುಗುಟ್ಟಿದ: “ಮೆತ್ತಗ ಹೇಳ್ರಿ ಭಾವ, ಫೋನ್ ಸ್ಪೀಕರಿನಾಗ ಐತಿ. ಪಕ್ಕದ ಮನಿ ಯಂಕಪ್ಪ ಗ್ವಾಡಿಗೆ ಕಿವಿ ಹಚ್ಚಿ ಕುಂತಾನ. ಮಟ್ಕಾ ನಂಬರ್ ಅಂತ ತಿಳಕೊಂಡಾನ. ಮೊನ್ನಿ ಕೊನೇ ಎರಡು ಅಂಕಿ ಹತ್ತಿಬಿಟ್ಟಾವಂತ. ‘ಬಳ್ಳಾರಿ ಸ್ವಾಮಿಗಳು ಇವತ್ತೇನು ಅಪ್ಪಣಿ ಕೊಟ್ರು?’ ಅಂತ ಕೇಳ್ತಾನ!”

ಇಷ್ಟು ಚೆನ್ನಾಗಿ ನಡೆಯುತ್ತಿದ್ದಾಗ ಖಾದರ್ ಭಾಯಿ ಉಪಕಾರ ಮಾಡಿದರು. “ಅಮ್ಮಾರ ವರ್ಷದ ಕಾರ್ಯಕ್ಕ ನನ್ನ ಕಡಿಂದ ಇಷ್ಟು,” ಎಂದು, ನಂಬರ್ ಬದಲಾದರೂ ಬದಲಾಗದ ಒಂದು ಹೆಸರನ್ನು ಪುಟಕ್ಕೆ ಹಚ್ಚಿಕೊಟ್ಟರು. “ಇನ್ನ ನಂಬರ್ ಬ್ಯಾಡ. ನೀಲಮ್ಮ ಅಂತ ಹೊಡದ್ರ ಬಾಗಿಲಾ ತೆಗೀತೈತಿ.” ಮೂವತ್ತು ವರ್ಷ ನಾನೂ ಹಾಗೆಂದು ಕೂಗಿಯೇ ನಮ್ಮ ಮನೆಯ ಬಾಗಿಲು ತೆರೆಸಿಕೊಂಡದ್ದು. ಕೈ ಮುಗಿದೆ. ನಿಜವಾಗಿ ಮುಗಿದೆ.

ಮರುದಿನ ಕರೆಂಟ್ ಹೋಯಿತು, ಬಂತು. ಫೋನ್ ಮಾಡಲು ಕಾರಣವಿರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಆರನೆಯ ಬೆಳಿಗ್ಗೆ ತಡೆಯಲಾಗದೆ ಗಿರಿಜಾಗೆ ಫೋನ್ ಹಚ್ಚಿದೆ.

“ಗಿರಿಜಾ, ಆ ಹೆಸರು ಇವತ್ತು ಯಾಕೋ ಕೆಲಸ ಮಾಡವಲ್ದು. ನಂಬರ್ ಬರ್ಕೊ.”

ಅವಳ ಹಿಂದೆ, ಆ ಹೆಸರಿನಿಂದಲೇ ಪುಟ ತೆರೆದಿದ್ದ ಇನ್ನೊಂದು ಫೋನಿನಲ್ಲಿ ನೀಲಮ್ಮ ಸ್ಪಷ್ಟವಾಗಿ ಮಾತಾಡುತ್ತಿದ್ದಳು: “...ನಿಮ್ಮ ಭಾವ ತಾವಾಗಿ ಯಾರಿಗೂ ಒಂದ್ ಫೋನ್ ಮಾಡಂಗಿಲ್ಲ ನೋಡವ್ವ. ಬಿಗುಮಾನ. ನೀನ ಮಾಡಿ ಮಾತಾಡ್ಸು...”

ಮೂವತ್ತು ವರ್ಷದಲ್ಲಿ ಒಂದು ಮನೆಯ ರೀಡಿಂಗನ್ನೂ ಸುಳ್ಳು ಬರೆದವನಲ್ಲ ನಾನು. ನಂಬರಿನ ವಿಷಯದಲ್ಲಿ ಹೇಳಿದ ಮೊದಲ ಸುಳ್ಳಿಗೇ ಸಿಕ್ಕಿಬಿದ್ದಿದ್ದೆ, ಅದೂ ನೀಲಮ್ಮನ ಕೈಗೆ.

“ಹೇಳ್ರಿ ಭಾವ,” ಎಂದಳು ಗಿರಿಜಾ. “ಪೆನ್ನು ಹಿಡಕೊಂಡೀನಿ.”

ನಾನು ಹೇಳಿದೆ. ಆ ದಿನ ಪ್ರತಿ ಅಂಕಿಯನ್ನೂ ಮೂರು ಮೂರು ಸಲ ಹೇಳಿದೆ.