ಮಾವ ಬುದ್ಧಿ ಹೇಳುವ ಹುಡುಗ

ನಮ್ಮ ಸೋದರಮಾವನಿಗೆ ಒಬ್ಬ ಹುಡುಗನನ್ನು ಕಂಡರೆ ಆಗುವುದಿಲ್ಲ. ಬೈಯುತ್ತಾನೆ, ಬುದ್ಧಿ ಹೇಳುತ್ತಾನೆ, ಕೆಲವೊಮ್ಮೆ ಕೈ ಮುಗಿದು ಬೇಡಿಕೊಳ್ಳುವುದೂ ಉಂಟು. ಯಾರು ಆ ಹುಡುಗ ಅಂತೀರಾ? ಎಂಟೊಂಬತ್ತು ವರ್ಷದ ನಮ್ಮ ಸೋದರಮಾವನೇ!

ಮಾವನಿಗೀಗ ಅರವತ್ತೈದು. ಹಿಡಕಲ್ ಡ್ಯಾಮಿನಲ್ಲಿ ಗೇಟು ಎತ್ತಿ ಇಳಿಸುವ ನೌಕರಿ ಮಾಡಿ ನಿವೃತ್ತನಾದವನು. ಅಲ್ಲಿಯವರೆಗೆ ನಮ್ಮ ನಿಮ್ಮ ಹಾಗೆಯೇ ಇದ್ದ. ನಿವೃತ್ತರಾದ ಮೇಲೆ ಜನ ಕಾಶಿಗೆ ಹೋಗುತ್ತಾರೆ. ಇವನು ಮೋಪೆಡ್ ಹತ್ತಿ, ಚಿಕ್ಕಂದಿನಲ್ಲಿ ತಾನು ತಪ್ಪು ಮಾಡಿದ ಜಾಗಗಳಿಗೆ ಹೋಗತೊಡಗಿದ. ಅಲ್ಲಿ ನಿಂತು ಆ ಕಾಲದ ತನಗೆ, ನಾಲ್ಕು ಜನರಿಗೆ ಕೇಳುವಂತೆ, ಬುದ್ಧಿ ಹೇಳುವುದು!

"ಮಾಮಾ, ಮನ್ಯಾಗ ಕುಂತ ಹೇಳಿದ್ರ ಅವಗ ಕೇಳಂಗಿಲ್ಲೇನು?" ಎಂದೆ ಒಮ್ಮೆ.

ಮಾವ ನನ್ನನ್ನು ಮರುಕದಿಂದ ನೋಡಿದ. ಅವನದು ಮಮದಾಪುರದ ಕುರಿ ಕಾಯುವ ಮನೆತನ. "ಮರಿ ತಪ್ಪಿಸ್ಕೊಂಡ್ರ ಮುಂದ ಹುಡುಕ್ಕೋತ ಹೋಗ್ತಾರೇನವಾ? ಎಲ್ಲಿ ಬಿಟ್ಟ ಬಂದೇವೋ ಅಲ್ಲಿಗೇ ತಿರುಗಿ ಹೋಗಿ ಕೂಗಬೇಕು. ಅದು ಅಲ್ಲೇ ನಿಂತಿರ್ತೈತಿ."

ಒಪ್ಪಿಕೊಂಡುಬಿಟ್ಟೆ. ಒಂದು ಕೋಳಿಯನ್ನೂ ಕಾಯ್ದವಳಲ್ಲ ನಾನು.

ಗೋಕಾಕದ ಕರದಂಟಿನ ಅಂಗಡಿಯ ಕಥೆ ಕೇಳಿ. ಚಿಕ್ಕವನಿದ್ದಾಗ ಅಂಗಡಿಯವನು ಕರೆದು "ಬೇಕೇನೋ?" ಎಂದಿದ್ದಕ್ಕೆ ಮಾವ ನಾಚಿ, "ಏನೂ ಬ್ಯಾಡ" ಎಂದು ಓಡಿಹೋಗಿದ್ದನಂತೆ. ಹೋದ ತಿಂಗಳು ಅದೇ ಮೆಟ್ಟಿಲ ಮುಂದೆ ನಿಂತು ಗುಡುಗಿದ: "ಬೇಕಂದ್ರ ಬೇಕನ್ನಲೇ! ನಾಚಿದ್ರ ಹೊಟ್ಟಿ ತುಂಬತೈತೇನು?" ಬಾಜೂಕ್ಕೆ ಹೊಸ ಅಳಿಯನೊಬ್ಬ ಅತ್ತೆಯ ಉಪಚಾರಕ್ಕೆ ಅಷ್ಟು ಹೊತ್ತಿನಿಂದ "ಬ್ಯಾಡ್ರಿ, ಬ್ಯಾಡ್ರಿ" ಎನ್ನುತ್ತಿದ್ದ. ಬೆಚ್ಚಿಬಿದ್ದು ಎರಡೂ ಕೈ ಚಾಚಿಬಿಟ್ಟ!

ಮೂಡಲಗಿ ಬಸ್ ಸ್ಟ್ಯಾಂಡಿನಲ್ಲಂತೂ ಕೇಳಲೇಬೇಡಿ. ಮಾವ ಅಲ್ಲಿ ಬೋರ್ಡು ಓದದೆ ಬಸ್ಸು ಹತ್ತಿ ಯಾವುದೋ ಊರು ಸೇರಿದವನು. "ಬೋರ್ಡ ಓದಿ ಹತ್ತಲೇ, ಮಬ್ಬ!" ಎಂದು ಕೂಗಿದ್ದೇ ತಡ, ತುಂಬಿದ ಬಸ್ಸಿನ ಅರ್ಧ ಜನ ಕೆಳಗಿಳಿದು ಬೋರ್ಡು ನೋಡತೊಡಗಿದರು. ಬುರ್ಖಾ ತೊಟ್ಟ ಅಜ್ಜಿಯೊಬ್ಬಳು, "ಯಾ ಅಲ್ಲಾ, ನಾ ಗೋಕಾಕಕ್ಕ ಹೋಗಾಕಿ! ಚಲೋ ಹೇಳಿದ್ರಿ ನೋಡ್ರಿ ಸಾಹೇಬ್ರ" ಎಂದು ಗಂಟು ಎತ್ತಿಕೊಂಡು ಇಳಿದಳು. ಕಂಡಕ್ಟರ್ ಇವನನ್ನು ಹೊಸ ಕಂಟ್ರೋಲರ್ ಎಂದುಕೊಂಡು, "ಬಿಡ್ಲೇನ್ರಿ ಸರ್?" ಎಂದು ಕೇಳಿದ. ಮಾವ ಗಂಭೀರವಾಗಿ ಅಪ್ಪಣೆ ಕೊಟ್ಟ!

ಧುಪದಾಳದ ಒಡ್ಡಿನ ಹತ್ತಿರ ಅವನು ಹಿಂದೆ ಸರಿಯಲು ಹೋಗಿ ಕಾಲು ಜಾರಿ ಚಪ್ಪಲಿ ಕಳೆದುಕೊಂಡಿದ್ದ. ಅಲ್ಲಿ "ಹಿಂದ ಸರಿಬ್ಯಾಡೋ!" ಎಂದು ಕಿರುಚಿದಾಗ ಸೆಲ್ಫಿಗಾಗಿ ಹಿಂದೆ ಹಿಂದೆ ಹೋಗುತ್ತಿದ್ದ ಕಾಲೇಜು ಹುಡುಗನೊಬ್ಬ ನೀರಿನಿಂದ ಒಂದೇ ಗೇಣು ಈಚೆ ನಿಂತ. ಅವತ್ತು ಜೊತೆಗಿದ್ದ ನನಗೆ ನಗು ಬರಲಿಲ್ಲ, ಮೈ ಜುಮ್ಮೆಂದಿತು. ಅಷ್ಟು ವರ್ಷ ಹಿಂದಕ್ಕೆ ಎಸೆದ ಮಾತು ಇವತ್ತಿನ ಯಾರಿಗೋ ಸರಿಯಾಗಿ ಹೋಗಿ ತಾಗುತ್ತದಲ್ಲ, ಇದೇನು ವಿದ್ಯೆ ಹೇಳಿ!

ಇಷ್ಟು ಊರು ತಿರುಗಿದವನು ಹುಕ್ಕೇರಿಯಲ್ಲಿ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹುಕ್ಕೇರಿ ನಮ್ಮೂರು. ಅವನ ಅಕ್ಕ, ಅಂದರೆ ನನ್ನ ಅವ್ವ, ಹದಿನೈದಕ್ಕೇ ಮದುವೆಯಾಗಿ ಬಂದ ಮನೆ ನಮ್ಮದು. ಮಾವ ಬಂದರೆ ಅಂಗಳದ ಬೇವಿನ ಮರದ ಕಡೆ ನೋಡದೆ ಸರಸರ ಒಳಗೆ ಬಂದು ಕೂಡುತ್ತಿದ್ದ.

ಮೊನ್ನೆ ಬಂದವನು ಒಳಗೆ ಬರಲಿಲ್ಲ. ಬೇವಿನ ಮರದ ಕೆಳಗೆ ನಿಂತ. ಈ ಸಲ ಕೂಗಲೂ ಇಲ್ಲ.

"ಹೇಳಲೇ. ಅಪ್ಪ ಕೇಳಾಕತ್ತಾನ. ಹೊಡದ್ರ ಹೊಡೀಲಿ, ಹೇಳಿಬಿಡು."

ಚಹಾ ಹಿಡಿದು ಹೋದ ನಾನು, "ಏನ್ ಹೇಳಬೇಕಿತ್ತು ಮಾಮಾ?" ಎಂದೆ.

"ಮದುವಿಗೆ ಲಾರಿಯೊಳಗ ಬರೂಮುಂದ ಅಕ್ಕ ನನ್ನ ಕಿವ್ಯಾಗ ಹೇಳಿದ್ಲು. 'ನಂಗ ಮದುವಿ ಬ್ಯಾಡ, ಸಾಲಿ ಕಲೀತೇನಿ, ಅಪ್ಪಗ ಹೇಳೋ' ಅಂತ. ಇಲ್ಲೇ ಇಳದೇವಿ. 'ಅಕ್ಕ ಯಾಕ ಅಳಾಕತ್ತಾಳೋ?' ಅಂತ ಅಪ್ಪ ಕೇಳಿದ. ನಾ, 'ಏನೂ ಇಲ್ಲ' ಅಂದೆ."

ನನ್ನ ಜೀವವೇ ಹಾರಿಹೋಯಿತು! ಇವನ ಮಾತು ತಾಗುವುದನ್ನು ಕಣ್ಣಾರೆ ಕಂಡವಳು ನಾನು. ಆ ಹುಡುಗ ಈಗ ಬಾಯಿಬಿಟ್ಟನೋ, ಮದುವೆ ಮುರಿಯಿತು, ನಾನಿಲ್ಲ, ಈ ಪ್ರಬಂಧವೂ ಇಲ್ಲ! ಆದರೂ, ಖರೆ ಹೇಳುತ್ತೇನೆ, ಹದಿನೈದರ ಆ ಹುಡುಗಿಯನ್ನು ನೆನೆದಾಗ, ಅವನು ಹೇಳಿಬಿಡಲಿ ಎಂದೇ ನನಗೂ ಅನಿಸಿತು.

ಹಿಂದೆ ಅವ್ವ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನಿಧಾನಕ್ಕೆ ಬಂದು, ಮಾವನನ್ನು ನೋಡದೆ ಅವನ ಬಾಜೂ, ಒಂಬತ್ತು ವರ್ಷದವರು ನಿಂತರೆ ಮುಖ ಬರುವಷ್ಟು ಎತ್ತರಕ್ಕೆ ನೋಡಿದಳು.

"ಅವನ್ನ ಬೈಬ್ಯಾಡೋ. ಕಲೀಬೇಕಂತ ಭಾಳ ಆಶಾ ಇತ್ತು ನಂಗ, ಖರೆ. ಈಗೂ ಐತಿ. ಆದ್ರ ಅಪ್ಪ ಕೇಳಬೇಕಾಗಿದ್ದು ನನ್ನ. ಈ ಕೂಸನ್ನ ಯಾಕ ಕೇಳಬೇಕಿತ್ತು?"

ಮಾವ ತಲೆ ಎತ್ತಲಿಲ್ಲ.

ಅವ್ವ ಹೊಸ್ತಿಲ ತನಕ ಹೋಗಿ ತಿರುಗಿದಳು. ತವರಿನಲ್ಲೇ ಬಿಟ್ಟು ಬಂದಿದ್ದ, ನಾನೆಂದೂ ಅವಳ ಬಾಯಲ್ಲಿ ಕೇಳದ ಸದ್ದೊಂದನ್ನು ನಾಲಿಗೆ ಲೊಚಗುಟ್ಟಿಸಿ ಮಾಡಿದಳು. ಮರಿ ಕರೆಯುವ ಸದ್ದು.

ಅರವತ್ತೈದರ ನಮ್ಮ ಮಾವ ಕಣ್ಣೊರೆಸಿಕೊಳ್ಳುತ್ತ ಅವಳ ಹಿಂದೆ ಒಳಗೆ ಹೋದ.